ಎರಡು ಸಲ ಹಾಕಿದ ಬೀಗ

ಚಾಮರಾಜನಗರದ ಕಾಲೇಜಿನಲ್ಲಿ ನಾನು ಟೈಪಿಸ್ಟಾಗಿದ್ದಾಗ ಅಲ್ಲೊಬ್ಬ ಕಂಪ್ಯೂಟರ್ ಆಪರೇಟರ್ ಇದ್ದರು. ನಿಂತಲ್ಲಿ ನಿಲ್ಲುವ ಜೀವವಲ್ಲ. ಬಾಗಿಲಿನ ಬೀಗ ಜಗ್ಗಿ, ನಾಲ್ಕು ಹೆಜ್ಜೆ ನಡೆದು, "ತಡೀರಿ, ಇನ್ನೊಂದ್ಸತಿ ನೋಡ್ಬುಡ್ತೀನಿ" ಎಂದು ವಾಪಸು ಬಂದು ಮತ್ತೆ ಜಗ್ಗುವರು.

ಪ್ರಶ್ನೆಪತ್ರಿಕೆಗಳಿದ್ದದ್ದು ಯೂನಿಕ್ಸ್ ಮೆಷಿನ್ನಿನಲ್ಲಿ. ಸಂಜೆ ಅವರೊಂದು ಗುಟ್ಟಿನ ಪದ ಹೊಡೆದರೆ ಫೈಲಿನ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ಬೆಳಿಗ್ಗೆ ಅದೇ ಪದ ಹೊಡೆದರೆ ಮೊದಲಿನಂತೆ ಆಗುತ್ತಿದ್ದವು. ಬೀಗ ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಕಮ್ಯಾಂಡು ಎಂದು ನನಗೆ ಹೇಳಿಕೊಟ್ಟವರೂ ಅವರೇ.

ಪರೀಕ್ಷೆಗೆ ಎರಡು ದಿನವಿತ್ತು. ಬೆಳಿಗ್ಗೆ ನಾನು ಮೆಷಿನ್ ಹಾಕಿ ನೋಡಿದರೆ ಪ್ರಶ್ನೆಗಳೆಲ್ಲ ಯಾರು ಬೇಕಾದರೂ ಓದುವಂತೆ ಬಿದ್ದಿವೆ. ಹುಡುಗರು ಬರುವ ಹೊತ್ತು. ಪರದೆ ಖಾಲಿ ಮಾಡಿ, ಬೇರೆ ಯಾರೂ ಕೂರದ ಹಾಗೆ ಅದೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಗುಂಡ್ಲುಪೇಟೆ ಬಸ್ಸಿಳಿದು ಅವರು ಬಂದರು. ಮುಖದಲ್ಲಿ ಎಂದೂ ಕಾಣದ ನಿರಾಳ.

"ನೆನ್ನೆ ಬಸ್ ಹತ್ತಿದವನು ಇಳ್ದು ಬಂದು ಫೈಲಿಗೆ ಎರಡ್ನೇ ಸತಿ ಬೀಗ ಹಾಕ್ಬುಟ್ಟೆ ಕಣಮ್ಮ. ಎಷ್ಟೋ ದಿನಕ್ಕೆ ಒಳ್ಳೆ ನಿದ್ದೆ ಬಂತು."

ನಾನು ಕುರ್ಚಿ ಬಿಟ್ಟು ಎದ್ದೆ.

"ಯಾವುದಕ್ಕೂ ಇನ್ನೊಂದ್ಸತಿ ಹಾಕ್ಬುಡಿ ಸಾರ್," ಅಂದೆ.