ಮಹಡಿಯ ಕಿಂಡಿ, ಕೆಳಗಿನ ಪೇಟ

ಬೆಳಿಗ್ಗೆ ಫೋನಿಗೊಂದು ಫೋಟೋ ಬಂತು. ಹೊಳೆನರಸೀಪುರದ ನನ್ನ ತವರುಮನೆಯ ಪಡಸಾಲೆ, ಮೇಲೆ ಹಲಗೆ ಚಾವಣಿ, ಅದರಲ್ಲಿ ಅಂಗೈಯಗಲದ ಕಿಂಡಿ. ಕಳಿಸಿದವನು ತಮ್ಮನ ಮೊಮ್ಮಗ ರವಿ, ನೆತ್ತಿ ತೆಳುವಾಯಿತೆಂದು ಸದಾ ಟೋಪಿಯಲ್ಲಿ ತಿರುಗುವವನು. "ಅಜ್ಜೀ, ಮುಂದಿನ ವಾರ ಹೆಣ್ಣಿನ ಕಡೆಯೋರು ಮನೆ ನೋಡಕ್ಕೆ ಬತ್ತಾರೆ. ಈ ತೂತು ಮುಚ್ಚಿಸ್ಬುಡ್ಲಾ?"

ಒಂದೇ ಬೆರಳಲ್ಲಿ 'ಮುಚ್ಸು' ಅಂತ ಒತ್ತಿದೆ. ಕಳಿಸುವ ಗುಂಡಿ ಹುಡುಕುವಷ್ಟರಲ್ಲಿ ಮನಸ್ಸು ಆ ಕಿಂಡಿಗೇ ಇಳಿಯಿತು.

ಮನೆ ಕಟ್ಟಿಸಿದವರು ನನ್ನ ಮುತ್ತಜ್ಜ. ಎರಡು ತೊಟ್ಟಿ, ತಬ್ಬಿದರೆ ಕೈ ಕೂಡದ ಕಂಬಗಳು, ಆನೆ ಕೆತ್ತಿದ ಬಾಗಿಲು. ಅರಕಲಗೂಡಿನಲ್ಲಿ ಯಾರದೋ ಮನೆಗೆ ಮಹಡಿ ಬಂತೆಂದು ಕೇಳಿ ತಮ್ಮದಕ್ಕೂ ಏರಿಸಿದರಂತೆ. ಮೆಟ್ಟಿಲು ಮಾತ್ರ ಮರೆತುಹೋಯಿತು. ನಗಬೇಡಿ, ಈಗಲೂ ಅಡುಗೆಮನೆಯೊಳಗಿಂದ ಏಣಿ ಹಾಕಿಯೇ ಹತ್ತಬೇಕು. ಕಿಂಡಿ ಮಾತ್ರ ಮರೆವಲ್ಲ, ಮುತ್ತಜ್ಜಿಯ ಹಟ. ಹೆಂಗಸರು ಪಡಸಾಲೆಗೆ ಬರುವಂತಿಲ್ಲ, ಊಟಕ್ಕೆ ಎಷ್ಟು ಜನವೆಂದು ಗಂಡಸರು ಹೇಳುವವರಲ್ಲ. ಮೇಲಿಂದ ಪೇಟ ಎಣಿಸಿ ಮುದ್ದೆಗೆ ಎಸರಿಡಬೇಕು. ನಲವತ್ತರ ದಶಕದಲ್ಲಿ ಆ ಕೆಲಸ ನನ್ನದು. ಊರಿನ ದೊಡ್ಡವರನ್ನೆಲ್ಲ ನೆತ್ತಿಯಿಂದ ಬಲ್ಲೆ. ಮುಖ ಕಂಡರೆ ಗುರುತು ಸಿಗುತ್ತಿರಲಿಲ್ಲ.

ನನ್ನನ್ನೇ ನೋಡಲು ಚನ್ನರಾಯಪಟ್ಟಣದವರು ಬಂದ ದಿನ ಪೇಚಿಗೆ ಸಿಕ್ಕಿದೆ. ಸಂಬಂಧ ತಂದ ಸೋದರಮಾವನನ್ನು ಗಂಡಿನ ವಯಸ್ಸು ಕೇಳಿದ್ದಕ್ಕೆ, "ಗಂಡಸ್ಗ್ಯಾಕವ್ವಾ ವಯಸ್ಸು? ಜರಿಪೇಟ ಐತೆ, ಸಾಲ್ದಾ?" ಅಂದಿದ್ದ. ಮುದುಕನಿಗೆ ಕಟ್ಟುತ್ತಾರೆಂದು ನನಗೆ ಖಾತ್ರಿಯಾಯಿತು. ಕಿಂಡಿಗೆ ಕಣ್ಣಿಟ್ಟರೆ ಕೆಳಗೆ ಅಕ್ಕಪಕ್ಕ ಎರಡು ಜರಿಪೇಟ. ಗಂಡು ಯಾವುದು? ಮಡಿಲಲ್ಲಿ ಸುಲಿಯುತ್ತಿದ್ದ ಅವರೆಕಾಯಿ ಇತ್ತು. ಒಂದು ಕಾಳು ಬಿಟ್ಟೆ.

ತಲೆಯೆತ್ತಿದ ಮುಖಕ್ಕೆ ಬಿಳಿ ಮೀಸೆ. ಇವರೇ ಗಂಡು ಅಂದುಕೊಂಡೆ. ಅವರು ಏನು ನೋಡುತ್ತಿದ್ದಾರೆಂದು ಪಕ್ಕದ ಪೇಟವೂ ಮೇಲೆ ನೋಡಿತು. ಅಲ್ಲಿ ಮೀಸೆ ಇನ್ನೂ ಚಿಗುರುತ್ತಿತ್ತು.

ಬಿಳಿ ಮೀಸೆಯವರು ಪೇಟದ ಮಡಿಕೆಯಿಂದ ಕಾಳು ಹೆಕ್ಕಿದರು. "ನೋಡ್ಲಾ ಮಗಾ, ಅಟ್ಟ ತುಂಬಿ ಉದುರ್ತಾ ಅದೆ. ಈ ಮನೆ ಹೆಣ್ಣು ತರಬೌದು."

"ನಂಗೂ ಒಪ್ಗೆ ಕಣಪ್ಪಾ," ಅಂದ ಮಗ. "ನೋಡಾಯ್ತಲ್ಲ."

ಸೋದರಮಾವ ಕಕ್ಕಾಬಿಕ್ಕಿ. "ಎಲ್ಲಿ ನೋಡುದ್ರಿ? ಹೆಣ್ಣಿನ್ನೂ ಒಳಗೇ ಅವಳೆ."

ಆ ಚಿಗುರುಮೀಸೆ ಬೆಳ್ಳಗಾಗುವವರೆಗೂ ನನ್ನ ಜೊತೆಗಿತ್ತು. ಅವರೆಕಾಲ ಬಂದಾಗಲೆಲ್ಲ ಚಾವಣಿ ನೋಡಿ ನಗುತ್ತಿದ್ದರು.

ಈಗ 'ಮುಚ್ಸು' ಅನ್ನುವುದನ್ನು ಒಂದೊಂದೇ ಅಕ್ಷರ ಅಳಿಸಿ ರವಿಗೆ ಬರೆದೆ: "ಮುಚ್ಬೇಡ ಕಣ್ಲಾ. ಆ ಹುಡುಗೀನ ಮ್ಯಾಲೆ ಕಳ್ಸು. ನೀನು ಟೋಪಿ ತೆಗೆದು ಕೆಳಗೆ ಕೂತ್ಕೊ."