ಬಾಯಮ್ಮನ ರಕ್ತ ಹೆಪ್ಪುಗಟ್ಟದ ದಿನ

ಸ್ಪಿರಿಟಿನ ವಾಸನೆ ನನಗೆ ಹೊಸದಲ್ಲ. ಮೂವತ್ತೈದು ವರ್ಷ ಅದರ ನಡುವೆಯೇ ದುಡಿದವಳು ನಾನು. ಆದರೆ ಕಳೆದ ವಾರ ಕೊಡಿಯಾಲ್‌ಬೈಲಿನ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಡಲು ಕೈ ಚಾಚಿ ಕುಳಿತಿದ್ದಾಗ, ಅಲ್ಲಿನ ಹುಡುಗಿ ಒದ್ದೆ ಹತ್ತಿಯನ್ನು ಮೊಣಕೈಗೆ ಒತ್ತಿದಳು. ಆ ವಾಸನೆಗೆ ನಾನು ಕೈ ಹಿಂದಕ್ಕೆಳೆದುಕೊಂಡೆ.

"ಹೆದರಿಕೆ ಆಗ್ತದಾ ಅಜ್ಜಿ?" ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಕೈ ಚಾಚಿದೆ...

ಅರವತ್ತರ ದಶಕದ ಮಾತು. ಊರಿನ ಒಂದು ಆಸ್ಪತ್ರೆಯ ಲ್ಯಾಬಿಗೆ ನಾನು ಸೇರಿ ಎರಡು ವರ್ಷವಾಗಿತ್ತು. ನನಗೆ ಕೆಲಸ ಕಲಿಸಿದವರು ಅಲ್ಲಿಯ ಹಿರಿಯ ಟೆಕ್ನಿಷಿಯನ್. ಆಸ್ಪತ್ರೆಯವರೆಲ್ಲ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. "ನನ್ನ ತುಳು ಮೀನಿನವಳ ಹತ್ತಿರ ಕ್ರಯಕ್ಕೆ ಚರ್ಚೆ ಮಾಡ್ಲಿಕ್ಕೆ ಮಾತ್ರ ಸಾಕು" ಎಂದು ನಗುತ್ತಿದ್ದರು. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಬಾಯಮ್ಮ ಗಂಡಸರ ದೊಡ್ಡ ಕೈಗಡಿಯಾರ ಕಟ್ಟುತ್ತಿದ್ದರು. ಸೆಕೆಂಡಿನ ಮುಳ್ಳು ಸರಿಯಾಗಿ ಕಾಣಬೇಕಂತೆ.

ಹಿಂದಿನ ವರ್ಷ ಅವರ ಕಾಲಿನ ರಕ್ತನಾಳದಲ್ಲಿ ರಕ್ತ ಗಟ್ಟಿಯಾಗಿ, ಬದುಕಿ ಬಂದದ್ದೇ ಹೆಚ್ಚಾಗಿತ್ತು. ಅಂದಿನಿಂದ ರಕ್ತ ತೆಳುವಾಗಿಡುವ ಮಾತ್ರೆ ನುಂಗುತ್ತಿದ್ದರು. ಎರಡು ವಾರಕ್ಕೊಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕಿತ್ತು. ಅಕ್ಕನ ಮಗಳ ಮದುವೆಯ ಓಡಾಟದಲ್ಲಿ ಅದು ತಪ್ಪಿಹೋಗಿತ್ತು. ಮೊಣಕಾಲು ನೋವೆಂದು ಆಸ್ಪಿರಿನ್ ಬೇರೆ ತಿನ್ನುತ್ತಿದ್ದರೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ಬಂದಾಗ ಸೀರೆಯ ಅಂಚಿನಲ್ಲಿ ಕೆಸರಿತ್ತು, ಕೊಡೆಯ ಕಡ್ಡಿ ಮುರಿದಿತ್ತು. ಹಂಪನಕಟ್ಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ, ತಲೆ ಚರಂಡಿಯ ಕಲ್ಲಿಗೆ ಬಡಿದಿತ್ತು. ಎಡಗಿವಿಯ ಮೇಲೆ ಲಿಂಬೆಯಷ್ಟು ಊತ. ಅಲ್ಲಿಂದ ನಡೆದುಕೊಂಡೇ ಬಂದಿದ್ದರು. ಹೊಸದಾಗಿ ಬಂದಿದ್ದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಬೆರಳು ಹಿಡಿಯಲು ಹೇಳಿದರು, ವಾರ ಯಾವುದೆಂದು ಕೇಳಿದರು. ಎಲ್ಲವೂ ಸರಿಯಿತ್ತು.

"ಎಂತ ಇಲ್ಲ ಬಾಯಮ್ಮ. ಮನೆಗೆ ಹೋಗಿ ಮಲಗಿ."

"ನನಗೆ ಅರವತ್ತಮೂರು ಆಯ್ತು ಡಾಕ್ಟ್ರೇ. ಮಾತ್ರೆ ತಿನ್ನುವವಳು. ರಕ್ತ ನೋಡದೆ ನಾನು ಹೋಗುದಿಲ್ಲ."

ಲ್ಯಾಬಿಗೆ ಬಂದು ಕುಳಿತು ತೋಳು ತೋರಿಸಿದರು. ಅಲ್ಲಲ್ಲಿ ನೀಲಿ ಕಲೆಗಳು. ವಾರದಿಂದ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತಂತೆ. "ಬೇರೆಯವರಿಗಾದ್ರೆ ನಾನೇ ಬೈತಿದ್ದೆ" ಎಂದರು. ವಯಸ್ಸಾದವರ ತಲೆಯೊಳಗೆ ರಕ್ತ ಸದ್ದಿಲ್ಲದೆ ತುಂಬುತ್ತದೆ, ಬೆಳಿಗ್ಗೆ ಚೆನ್ನಾಗಿ ಮಾತಾಡಿದವರು ಸಂಜೆಗೆ ಇರುವುದಿಲ್ಲ ಎಂದು ಇನ್ಯಾರದೋ ವಿಷಯದಂತೆ ಹೇಳಿದರು. ನಾನು ಸಿರಿಂಜ್ ತೆಗೆದುಕೊಂಡೆ.

ಅಷ್ಟು ವರ್ಷ ಊರಿನವರ ರಕ್ತವನ್ನೆಲ್ಲ ತೆಗೆದ ಬಾಯಮ್ಮನ ಕೈಯಿಂದಲೇ ಈಗ ನಾನು ರಕ್ತ ತೆಗೆಯಬೇಕಿತ್ತು. ಮೊದಲ ಚುಚ್ಚು ತಪ್ಪಿತು. ಸೂಜಿಯನ್ನು ಹೊರಗೆಳೆದು ಮತ್ತೆ ಚುಚ್ಚಿದೆ. ರಕ್ತವನ್ನು ಮೂರು ಗಾಜಿನ ಕೊಳವೆಗಳಿಗೆ ಹಾಕಿ ಉಗುರು ಬೆಚ್ಚಗಿನ ನೀರಿನಲ್ಲಿಟ್ಟೆ. ನಿಮಿಷಕ್ಕೊಮ್ಮೆ ಮೆಲ್ಲನೆ ಓರೆ ಮಾಡಿ ನೋಡುವುದು, ಹರಿಯದೆ ನಿಂತರೆ ಹೆಪ್ಪುಗಟ್ಟಿತೆಂದು ಲೆಕ್ಕ. ಹತ್ತು ನಿಮಿಷದೊಳಗೆ ನಿಂತರೆ ಭಯವಿಲ್ಲ. ಒಂಬತ್ತನೆಯ ನಿಮಿಷಕ್ಕೆ ನಿಂತಿತು. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಡಾಕ್ಟರು ನೋಡಿ ತಲೆದೂಗಿದರು. ಬಾಯಮ್ಮ ಚೀಲ ಎತ್ತಿಕೊಂಡು ಎದ್ದರು.

ಎದ್ದವರು ತಮ್ಮ ಮೊಣಕೈ ನೋಡಿಕೊಂಡರು. ಹತ್ತಿ ಇನ್ನೂ ಒದ್ದೆಯಾಗಿತ್ತು, ಪೂರ್ತಿ ಕೆಂಪಾಗಿತ್ತು.

"ಎರಡು ಸಲ ಚುಚ್ಚಿದಿಯಲ್ಲ... ಸಿರಿಂಜ್ ಬದಲಿಸಿದಿಯಾ?"

ನಾನು ಟ್ರೇಯಲ್ಲಿದ್ದ ಒಂದೇ ಸಿರಿಂಜನ್ನು ನೋಡಿದೆ. ಸೂಜಿ ತಪ್ಪಿದಾಗ ಮಾಂಸದ ರಸ ಅದರೊಳಗೆ ಸೇರಿ, ನಿಧಾನವಾಗಿ ಗಟ್ಟಿಯಾಗಬೇಕಾದ ರಕ್ತವೂ ಬೇಗ ಗಟ್ಟಿಯಾಗುತ್ತದೆ. ಮೊದಲ ವಾರವೇ ಅವರು ಕಲಿಸಿದ ಪಾಠ ಅದು. ಮರೆತಿರಲಿಲ್ಲ. ಸಿರಿಂಜ್ ಬದಲಿಸದೆ ಚುಚ್ಚಿಬಿಟ್ಟಿದ್ದೆ, ಮೂರನೆಯ ಸಲ ಅವರನ್ನು ಚುಚ್ಚುವ ಧೈರ್ಯವಿರಲಿಲ್ಲ, ಅಷ್ಟೇ.

"ಅದನ್ನು ಚೆಲ್ಲು" ಎಂದರು. ಬೈಯಲಿಲ್ಲ. ಇನ್ನೊಂದು ಕೈ ಚಾಚಿದರು.

ಈ ಸಲ ಒಂದೇ ಚುಚ್ಚಿಗೆ ಸಿಕ್ಕಿತು. ಹತ್ತು ನಿಮಿಷ. ಹದಿಮೂರು. ಕೊಳವೆ ಓರೆ ಮಾಡಿದಾಗಲೆಲ್ಲ ರಕ್ತ ನೀರಿನಂತೆ ಹರಿಯುತ್ತಿತ್ತು. ನಾನು ಅವರತ್ತ ನೋಡಿದೆ.

"ಗಡಿಯಾರ ನೋಡು ಮಾರಾಯ್ತಿ. ನನ್ನ ಮುಖ ನೋಡ್ಬೇಡ."

ಹದಿನೆಂಟನೆಯ ನಿಮಿಷಕ್ಕೆ ಅವರು ಎಡಗೈಯಿಂದ ಕೊಳವೆಯತ್ತ ಬೆರಳು ತೋರಿಸಿ, "ಆ ಬಾಗಿಲು ಕೊಡು" ಎಂದರು.

ಶಬ್ದ ತಪ್ಪಿದ್ದು ಇಬ್ಬರಿಗೂ ಕೇಳಿತ್ತು. ಸರಿಪಡಿಸಲು ತುಟಿ ಆಡಿಸಿದರು, ಬೇರೇನೋ ಬಂತು. ಬಲಗೈಯಲ್ಲಿದ್ದ ಪೆನ್ಸಿಲ್ ನೆಲಕ್ಕೆ ಬಿತ್ತು, ಅದು ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಆಗ ಅವರ ಕಣ್ಣಿನಲ್ಲಿ ಕಂಡ ಭಯವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. ಏನಾಗುತ್ತಿದೆ ಎಂಬುದು ಆ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವರಿಗೇ... ಕೊಳವೆ ಕೈಯಲ್ಲಿ ಹಿಡಿದುಕೊಂಡೇ ನಾನು ಡಾಕ್ಟರ ಕೋಣೆಗೆ ಓಡಿದೆ.

ರಕ್ತ ಗಟ್ಟಿಯಾಗಲೆಂದು ವಿಟಮಿನ್ ಕೆ ಚುಚ್ಚಿದರು. ಆಸ್ಪತ್ರೆಯ ಡ್ರೈವರನ ರಕ್ತ ಹೊಂದಿತು. ಹೊಂದುತ್ತದೋ ಎಂದು ನೋಡಿದವಳೂ ನಾನೇ, ಈಗ ಎರಡೆರಡು ಸಲ ನೋಡಿದೆ. ಅವನ ಬಿಸಿ ರಕ್ತವನ್ನೇ ಅವರಿಗೆ ಏರಿಸಿದರು. ಅಷ್ಟರಲ್ಲಿ ಬಾಯಮ್ಮನಿಗೆ ಎಚ್ಚರ ತಪ್ಪಿತ್ತು. ಮಧ್ಯಾಹ್ನ ಸರ್ಜನರು ಬಂದು ತಲೆಬುರುಡೆಗೆ ತೂತು ಕೊರೆದು ಒಳಗೆ ನಿಂತಿದ್ದ ರಕ್ತವನ್ನು ಹೊರಬಿಟ್ಟರು. ರಕ್ತ ಗಟ್ಟಿಯಾಗುವ ಮದ್ದು ಕೊಡದೆ ಕೊರೆದಿದ್ದರೆ ರಕ್ತ ನಿಲ್ಲದೆ ಮೇಜಿನ ಮೇಲೆಯೇ ಸಾಯುತ್ತಿದ್ದರು, ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು ಎಂದು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ನೆಲ ನೋಡುತ್ತ ನಿಂತಿದ್ದೆ.

ಅವರು ಬದುಕಿದರು. ನಾಲ್ಕು ವರ್ಷ ಬದುಕಿದರು. ಬಲಗೈ ಬರಲಿಲ್ಲ. ಕನ್ನಡ, ತುಳು, ಇಂಗ್ಲಿಷ್ ಎಲ್ಲ ಹೋಗಿ, ಚಿಕ್ಕಂದಿನ ಕೊಂಕಣಿ ಮಾತ್ರ ಉಳಿಯಿತು, ಅದೂ ಅರ್ಧ ಕರಗಿದ ಹಾಗೆ. ಭಾನುವಾರ ಅವರ ಅಕ್ಕನ ಮನೆಗೆ ಹೋಗುತ್ತಿದ್ದೆ. ಅವರು ಕೊಂಕಣಿಯಲ್ಲಿ ಏನೋ ಹೇಳುವರು, ನಾನು ಕನ್ನಡದಲ್ಲಿ ಏನೋ ಹೇಳುವೆ.

ಒಂದು ದಿನ ಅಕ್ಕ ಒಳಗೆ ಚಹಾ ಮಾಡುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಗೊತ್ತಿದ್ದೂ ಸುಮ್ಮನಿದ್ದೆ, ನಿಮ್ಮ ಅರ್ಧ ಗಂಟೆ ತಿಂದವಳು ನಾನು ಎಂದೆ. ಅವರು ಎಡಗೈಯಿಂದ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ನನ್ನ ಮುಖ ನೋಡುತ್ತಾ, ನಿಧಾನವಾಗಿ ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಮಾತೂ ತಿಳಿಯಲಿಲ್ಲ. ಅಕ್ಕನನ್ನು ಕರೆದು ಕೇಳಬಹುದಿತ್ತು. ಕೇಳಲು ಹೆದರಿದೆ.

ಆ ಮನೆಯಿದ್ದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ. ಅಕ್ಕನೂ ಇಲ್ಲ. ನನಗೆ ಎಂಬತ್ತು ದಾಟಿದೆ. ನೆರೆಮನೆಯ ಕೊಂಕಣಿಯವರೊಂದಿಗೆ ಮಾತಾಡುತ್ತಾ ಇಷ್ಟು ವರ್ಷಗಳಲ್ಲಿ ಆ ಭಾಷೆ ಚೆನ್ನಾಗಿಯೇ ಬಂದಿದೆ. ಬಾಯಮ್ಮ ಆ ದಿನ ಹೇಳಿದ್ದನ್ನು ಈಗ ಹೇಳಿದರೆ ಅರ್ಥವಾಗುತ್ತಿತ್ತು. ಆದರೆ ಆ ಶಬ್ದಗಳಲ್ಲಿ ಒಂದೂ ನನಗೆ ನೆನಪಿಲ್ಲ...