ಸುಣ್ಣ ಬಳಿದ ಬಾವಿಯ ಸಿನಿಮಾ

ಕೊಳ್ಳೇಗಾಲದ ನನ್ನ ಬಾಡಿಗೆ ಕೋಣೆಗೆ ಇಂದು ಬೆಳಿಗ್ಗೆಯಿಂದ ಸುಣ್ಣ ಬಳಿಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ನಿಮಗೆ ಹಬ್ಬವನ್ನು ನೆನಪಿಸಬಹುದು. ನನಗೆ ಒಂದು ಸಿನಿಮಾ ನೆನಪಾಗುತ್ತದೆ. ಮೂರೇ ನಿಮಿಷದ, ಮಾತಿಲ್ಲದ ಸಿನಿಮಾ.

ನಾನಾಗ ವಿಶ್ವವಿದ್ಯಾನಿಲಯದಿಂದ ಹೊಸದಾಗಿ ಹೊರಬಿದ್ದಿದ್ದೆ. ಅಧಿಕಾರದಲ್ಲಿರುವವರು ಜನರಿಗೆ ಉತ್ತರ ಕೊಡಲೇಬೇಕೆಂಬುದು ನನ್ನ ಸಿದ್ಧಾಂತ. ಇಂದಿಗೂ ಅದೇ, ಆದರೆ ಆಗ ಅದನ್ನು ಬಸ್ಸಿನ ಕಂಡಕ್ಟರಿಗೂ ವಿವರಿಸದೆ ಟಿಕೆಟ್ ಪಡೆಯುತ್ತಿರಲಿಲ್ಲ. ಗೆಳೆಯನಿಂದ ಕೀಲಿ ಕೊಟ್ಟು ಓಡಿಸುವ ಪುಟ್ಟ ಕ್ಯಾಮೆರಾವನ್ನೂ ಒಂದೇ ಒಂದು ರೀಲನ್ನೂ ಎರವಲು ಪಡೆದು, ಹೂಗ್ಯಂ ಬಳಿಯ ಸಣ್ಣ ಊರೊಂದಕ್ಕೆ ಹೋದೆ. ಅಲ್ಲಿಯ ಬಾವಿ ಹೂಳು ತುಂಬಿ ಬತ್ತಿತ್ತು. ಕುಡಿಯಲು ದೂರದ ಹಳ್ಳದ ನೀರೇ ಗತಿ. ಹನೂರಿಗೆ ಬಂದು ಹೋಗುತ್ತಿದ್ದ ಸರ್ಕಾರಿ ಎಂಜಿನಿಯರು ಮಾತ್ರ ಅದನ್ನು ನೋಡದೆಯೇ ‘ಬಾವಿ ಸುಸ್ಥಿತಿಯಲ್ಲಿದೆ’ ಎಂದುಬಿಟ್ಟಿದ್ದರು. ಊರಿನ ಹುಡುಗ ಹುಡುಗಿಯರೇ ಚಿತ್ರ ತೆಗೆದು ಆ ಬಾವಿಯನ್ನು ಎಂಜಿನಿಯರ ಕಣ್ಣೆದುರು ಇಡಬೇಕೆಂಬುದು ನಮ್ಮ ಸಂಕಲ್ಪ. ಖಾಲಿ ಕ್ಯಾಮೆರಾದಲ್ಲಿ ಎಲ್ಲರೂ ಅಭ್ಯಾಸ ಮಾಡಿದರು. ಕೈ ಅಲುಗದಿದ್ದವಳು ಮಾದೇವಿಯೊಬ್ಬಳೇ; ರೀಲು ಹಾಕಿದ ಕ್ಯಾಮೆರಾ ಅವಳಿಗೇ ಎಂದಾಯಿತು.

ಚಿತ್ರೀಕರಣದ ದಿನ ಹೋಗಿ ನೋಡುತ್ತೇನೆ, ಊರಿಗೆ ಊರೇ ಬೆಳ್ಳಗಾಗಿದೆ. ಬಿರುಕುಬಿಟ್ಟ ಬಾವಿಕಟ್ಟೆಗೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ, ಮುಂದೆ ರಂಗೋಲಿ. ಮಾದೇವಿಯ ಅಜ್ಜಿ ಪುಟ್ಟಮ್ಮ ಪೆಟ್ಟಿಗೆಯ ರೇಷ್ಮೆ ಸೀರೆ ಉಟ್ಟು, ಉಸಿರು ಬಿಗಿಹಿಡಿದು ಕಂಬದಂತೆ ನಿಂತಿದ್ದರು.

“ಅಜ್ಜಿ, ಇದೇನು ಮಾಡಿದಿರಿ?”

“ಪಟ ಇಡಿಸ್ಕಳಾಗ ಕೊಳಕು ತೋರ್ಸಕಾದ್ದಾ ಮಗ? ನಿಮ್ಮವ್ವ ತಲೆ ಬಾಚ್ದೆ ಪಟ ಇಡಿಸ್ಕಂಡಿದ್ದಾಳಾ?”

ಸತ್ಯದರ್ಶನದ ಅಗತ್ಯವನ್ನು ಕುರಿತು ನಾನು ಗಂಭೀರವಾಗಿ ಮಾತನಾಡತೊಡಗಿದೆ. ಮಾದೇವಿ ಆಕಾಶ ನೋಡಿದಳು. “ಸಾ, ನಿಮ್ ಭಾಷ್ಣ ಮುಗಿಯೋದ್ರೊಳಗ ಬಿಸ್ಲು ಓಯ್ತದ. ಇನ್ನೂ ಒಂದು ಗೋಡೆ ಉಳ್ದದ. ಅಜ್ಜಿ, ಸುಣ್ಣ ಕಲ್ಸಕ ನೀರು ತಕ್ಕೊಂಬಾ ನಡಿ.”

“ಈ ಸೀರೇಲಾ?”

“ಈ ಸೀರೇಲೇ.”

ಪುಟ್ಟಮ್ಮ ಹೊರಟರು, ಹಿಂದೆ ಓರಗೆಯ ಹೆಂಗಸರು, ಎಲ್ಲರೂ ಹಬ್ಬದ ಸೀರೆಯಲ್ಲಿ. ಖಾಲಿ ಬಿಂದಿಗೆ ಹೊತ್ತು ಬೆಳ್ಳನೆಯ ಬಾವಿಯನ್ನು ದಾಟಿದರು. ಮುಳ್ಳಿನ ದಾರಿಯಲ್ಲಿ ಸೆರಗು ಬಿಡಿಸಿಕೊಳ್ಳುತ್ತ ಹಳ್ಳಕ್ಕಿಳಿದರು. ಏದುಸಿರು ಬಿಡುತ್ತ ಮರಳಿದರು. ಮಾದೇವಿ ಅಲ್ಲಲ್ಲಿ ಕೀಲಿ ತಿರುವಿ ಚಿತ್ರ ತೆಗೆದಳು. ನೀರು ಸುಣ್ಣದ ಬಾನಿಯೊಳಗೆ ಬೀಳುವಾಗ ರೀಲು ಮುಗಿಯಿತು.

ರೀಲು ತೊಳೆಸಿ ತಂದು, ಹನೂರಿನ ಶಾಲೆಯ ಅಂಗಳದಲ್ಲಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ತೋರಿಸಿದೆವು. ಊರವರು ಎತ್ತಿನ ಗಾಡಿಗಳಲ್ಲಿ ಬಂದಿದ್ದರು. ಎಂಜಿನಿಯರಿಗೆ ಮುಂದಿನ ಕುರ್ಚಿ. ಬಾವಿ ಕಂಡೊಡನೆ ಅವರ ಮುಖ ಅರಳಿತು. “ಚೆನ್ನಾಗೇ ಇದೆಯಲ್ಲಮ್ಮ.”

“ಚೆಂದಾಗದ ಸಾ, ನೀರೊಂದಿಲ್ಲ ಅಷ್ಟೇಯ,” ಎಂದರು ಹಿಂದಿನಿಂದ ಪುಟ್ಟಮ್ಮ. “ಮುಂದಕ್ಕ ನೋಡಿ, ರೇಷ್ಮೆ ಸೀರೆ ಉಟ್ಕಂಡು ಅಳ್ಳಕ್ಕ ಓಯ್ತಾ ಇವ್ನಿ. ಬಾವೀಲಿ ನೀರಿದ್ರ ಇಂಗ್ ಓಗಕ ನಂಗೇನು ತಲೆ ಕೆಟ್ಟದಾ?”

ಅಂಗಳವೆಲ್ಲ ನಕ್ಕಿತು. ಎಂಜಿನಿಯರೂ ನಕ್ಕರು, ಆದರೆ ಸ್ವಲ್ಪ ತಡವಾಗಿ. ಮಾದೇವಿ ನಗಲಿಲ್ಲ. “ಯಾವತ್ತು ಬಂದು ಬಗ್ಗಿ ನೋಡೀರಿ ಸಾ? ಇಲ್ಲೇ, ಎಲ್ರ ಮುಂದ ಯೇಳ್ಬುಡಿ.”

“ಸೋಮವಾರ” ಎಂದರು. ಬಂದದ್ದು ಅದರ ಮುಂದಿನ ಸೋಮವಾರ. ಆದರೆ ಬಂದರು, ಬಗ್ಗಿ ನೋಡಿದರು. ಬೇಸಿಗೆಯೊಳಗೆ ಹೂಳು ತೆಗೆಸಿದ ಬಾವಿಯಲ್ಲಿ ನೀರು ಕಂಡಿತು. ಮೊದಲ ಬಿಂದಿಗೆಯನ್ನು ಪುಟ್ಟಮ್ಮ ಸೇದಿದರು, ಅದೇ ಸೀರೆ ಉಟ್ಟು. ಈ ಸಲ ಪಟ ಹಿಡಿಯಲು ನಮ್ಮಲ್ಲಿ ರೀಲಿರಲಿಲ್ಲ.

ಇಲ್ಲಿ, ನನ್ನ ಕೋಣೆಯಲ್ಲಿ, ಸುಣ್ಣದವನ ಕುಂಚ ಮೂಲೆಯ ಗೋಡೆಗೆ ಬಂದಿದೆ. ಮಳೆಗಾಲದಲ್ಲೆಲ್ಲ ಸೋರಿ ಕರೆಗಟ್ಟಿದ ಗೋಡೆ. “ಎಲ್ಡು ಸಲ ಬಳುದ್ರ ಕರೆ ಕಾಣಾದಿಲ್ಲ ಸಾ,” ಎನ್ನುತ್ತಾನೆ. ಅದೊಂದನ್ನು ಬಿಡಲು ಹೇಳಿದ್ದೇನೆ. ಸಂಜೆ ಮನೆಯ ಮಾಲೀಕರು ಬರಲಿದ್ದಾರೆ. ಭಾಷಣವನ್ನೇನೂ ಸಿದ್ಧಪಡಿಸಿಕೊಂಡಿಲ್ಲ; ಅವರ ಕುರ್ಚಿಯನ್ನು ಆ ಗೋಡೆಯ ಎದುರಿಗೇ ಹಾಕಿದ್ದೇನೆ.